ಇತಿಹಾಸಕಾರರು ಕಲ್ಪನೆ ಬಳಸಿದರೆ ಅದು ಕಥೆ ಆಗಿಬಿಡುವುದಿಲ್ಲವೇ?

ಬಳಸುತ್ತಾರೆ, ಆದರೆ ಕಥೆಗಾರರಷ್ಟು ಸಲೀಸಾಗಿ ಅಲ್ಲ. ಇಟಲಿಯ ಪಾಂಪೆ ನಗರವನ್ನೇ ನೋಡಿ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿ ಅದನ್ನು ಮುಚ್ಚಿತು. ದೇಹಗಳು ಕೊಳೆತು, ಗಟ್ಟಿಯಾದ ಬೂದಿಯೊಳಗೆ ಪೊಳ್ಳು ಜಾಗ ಉಳಿಯಿತು. 1863ರಲ್ಲಿ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಅದಕ್ಕೆ ಪ್ಲಾಸ್ಟರ್ ಸುರಿಸಿದರು. ಜನ ಹೇಗೆ ಬಿದ್ದಿದ್ದರೋ ಅದೇ ಭಂಗಿಯ ಆಕಾರಗಳು ಹೊರಬಂದವು.

ಇತಿಹಾಸಕಾರರ ಕಲ್ಪನೆಯೂ ಆ ಪ್ಲಾಸ್ಟರಿನ ಹಾಗೆ. ಖಾಲಿ ಜಾಗ ತುಂಬುತ್ತದೆ, ಆದರೆ ಆಕಾರ ಕೊಡುವುದು ಸಾಕ್ಷ್ಯವೇ. ಸುಮ್ನೆ ಏನೋ ಸುರಿದರೆ ಆಗಲ್ಲ.

ಆ ಭಂಗಿಗಳಲ್ಲಿರುವ ಭಯ ನಮಗೂ ಗೊತ್ತು, ಅಲ್ವಾ? ಅಂದಿನವರನ್ನು ಇಂದಿಗೆ ಹತ್ತಿರ ತರುವುದು ಅದೇ. ಎಡವುವುದೂ ಅಲ್ಲೇ (ನಾನೂ ಎಡವಿದ್ದೇನೆ): ಅವರೂ ನಮ್ಮಂತೆಯೇ ಯೋಚಿಸುತ್ತಿದ್ದರು ಅಂದುಕೊಳ್ಳುತ್ತೇವೆ. ಆದರೆ ಅವರಿಗೆ ಗುಲಾಮಗಿರಿ ಮಾಮೂಲಿ ಸಂಗತಿಯಾಗಿತ್ತು. ಅದನ್ನು ಊಹಿಸಿಕೊಳ್ಳುವುದು ಭಯವನ್ನು ಊಹಿಸಿಕೊಳ್ಳುವುದಕ್ಕಿಂತ ಜಾಸ್ತಿ ಕಷ್ಟ.