ಕರಾವಳಿಯ ಹಳೇ ಮನೆಗೆ ಯಾವ ಬಣ್ಣ ಅಂತ ಕೇಳೋಕೆ ಮುಂಚೆ ಗೋಡೆ ಕಥೆ ಕೇಳಿ

ಅಮ್ಮನ ಕಡೆಯಿಂದ ಬಂದ ಕುಂದಾಪುರ ಸೀಮೆ ಮನೆ, ನೂರು ವರ್ಷ ದಾಟಿದೆ, ನೀವಿರೋದು ಮೈಸೂರಲ್ಲಿ, ರಿಪೇರಿ ಮಾಡ್ಸಿ ಯಾವತ್ತೂ ಹಳೇದು ಅನ್ನಿಸ್ದಂಥ ಟೈಮ್‌ಲೆಸ್ ಲುಕ್ ಬೇಕು, ಬೆಂಗಳೂರಿನ ಇಂಟೀರಿಯರ್ ಡಿಸೈನರ್ ಹಿಡೀಲಾ ಮೈಸೂರಿನ ಕಂಟ್ರಾಕ್ಟರ್ ಹಿಡೀಲಾ, ಗೋಡೆಗೆ ಯಾವ ಬಣ್ಣ. ಇದೇ ತಾನೆ ಮೇಡಂ ನಿಮ್ಮ ಪ್ರಶ್ನೆ? ನಮ್ಮ ಮಿಸೆಸ್ ಅಜ್ಜಿ ಮನೆ ಅದೇ ಸೀಮೇಲಿ, ಹೊಳೆ ಸಮುದ್ರ ಸೇರೋ ಜಾಗದಿಂದ ಕೂಗಳತೆ ದೂರ. ಕೆಲವು ವರ್ಷದ ಹಿಂದೆ ನಾನೂ ಕುವೆಂಪುನಗರದ ಮನೇಲಿ ಕೂತ್ಕೊಂಡು ಬಣ್ಣದ ಕಾರ್ಡು ಹಿಡ್ಕೊಂಡು ಇದನ್ನೇ ಯೋಚಿಸ್ತಿದ್ದೆ. ಡಿಸೈನರ್, ಬಣ್ಣ ಎಲ್ಲ ಆಮೇಲೆ. ಮೊದಲು ಗೋಡೆ ವಿಷಯ ಹೇಳ್ತೀನಿ, ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಪಾಂಡವಪುರದ ಕಡೆ. ತಾತನ ಕಾಲದ ತೊಟ್ಟಿ ಮನೆ, ಮಣ್ಣಿನ ಗೋಡೆ, ತೊಂಬತ್ತರ ದಶಕದಲ್ಲಿ ನಮ್ಮಪ್ಪ ಪಡಸಾಲೆ ಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡ್ಸಿದ್ರು, ಇವತ್ತಿಗೂ ಅಲ್ಲಲ್ಲಿ ಬಿರುಕು ಬಿಟ್ಟಿರೋದು ಬಿಟ್ರೆ ಏನೂ ಆಗಿಲ್ಲ. ಅದನ್ನ ನೋಡ್ಕೊಂಡು ಬೆಳೆದವನಾದ್ರಿಂದ ಹಳೇ ಮನೆ ರಿಪೇರಿ ಅಂದ್ರೆ ನಂಗೆ ಗೊತ್ತು ಅಂತ ಧೈರ್ಯ ಇತ್ತು. ತಪ್ಪಿನ ಬೇರು ಅಲ್ಲೇ ಇತ್ತು ನೋಡಿ. ಮಂಡ್ಯ ಕಡೆ ವರ್ಷಕ್ಕೆ ಬೀಳೋ ಮಳೆ ಸುಮಾರು 700 ಮಿಲಿಮೀಟರ್. ಉಡುಪಿ ಕಡೆ 4,000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಬಿಡುತ್ತೆ, ಜೊತೆಗೆ ಗಾಳೀಲಿ ಉಪ್ಪು. ಪಾಂಡವಪುರದಲ್ಲಿ ತಡೆದುಕೊಂಡ ಕೆಲಸ ಅಲ್ಲಿ ತಡೆಯುತ್ತೆ ಅಂತ ಅಂದ್ಕೊಂಡಿದ್ದೇ ನನ್ನ ತಪ್ಪು.

ಅಜ್ಜಿ ಮನೆ ಗೋಡೆ ಮುರಕಲ್ಲಿಂದು, ಅಂದ್ರೆ ಕರಾವಳೀಲಿ ನೆಲದಿಂದ ಕಡಿದು ತೆಗೆಯೋ ಕೆಂಪು ಜಂಬಿಟ್ಟಿಗೆ ಕಲ್ಲು, ನಿಮ್ಮದೂ ಅದೇ ಇರುತ್ತೆ. ಕಲ್ಲಿನ ಮಧ್ಯೆ ಮಣ್ಣಿನ ಗಾರೆ, ಮೇಲೆ ಸುಣ್ಣದ ಗಾರೆ, ಅದರ ಮೇಲೆ ವರ್ಷವರ್ಷ ಬಳಿದ ಸುಣ್ಣ. 1799ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆನೆಲ್ಲ ಸರ್ವೆ ಮಾಡೋಕೆ ಇಂಗ್ಲಿಷರು ಕಳಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲು ನೋಡಿ ಬರೆದಿದ್ದಾನೆ, ನೆಲದಿಂದ ಕಡಿಯೋವಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ರೆ ಇಟ್ಟಿಗೆ ಥರ ಗಟ್ಟಿಯಾಗುತ್ತೆ ಅಂತ. ಗಟ್ಟಿ ಆಗುತ್ತೆ ನಿಜ, ಆದ್ರೆ ಮೈತುಂಬ ತೂತು. ನೆಲದ ತೇವ ಮೇಲಕ್ಕೆ ಹೀರ್ಕೊಳ್ಳುತ್ತೆ, ಮಳೆ ಎರಚಲು ಹೀರ್ಕೊಳ್ಳುತ್ತೆ. ಆ ಮನೇಲಿ ನಾವು ಹೋದಾಗ ಕೆಳಗಿನ ಎರಡು ಮೂರು ಅಡಿ ಸುಣ್ಣದ ಗಾರೆ ಪುಡಿಪುಡಿಯಾಗಿ ಉದುರ್ತಾ ಇತ್ತು. ನಾನು ಅದನ್ನ ನೋಡಿ ಗಾರೆ ಸತ್ತುಹೋಗಿದೆ ಅಂತ ತೀರ್ಮಾನ ಮಾಡ್ದೆ. ಮೈಸೂರಿಂದ ಗಾರೆ ಕೆಲಸದವರನ್ನ ಕರ್ಕೊಂಡು ಹೋಗಿ, ಹಳೇದನ್ನೆಲ್ಲ ಕೆತ್ತಿಸಿ, ವಾಟರ್‌ಪ್ರೂಫ್ ಲಿಕ್ವಿಡ್ ಕಲಸಿದ ಸಿಮೆಂಟ್ ಪ್ಲಾಸ್ಟರ್, ಮೇಲೆ ಪುಟ್ಟಿ, ಅದರ ಮೇಲೆ ದುಬಾರಿ ಎಮಲ್ಷನ್, ಒಳಗೂ ಹೊರಗೂ. ಕೆಲಸದವರದ್ದು ತಪ್ಪಲ್ಲ, ನಾನು ಹೇಳಿದ್ದನ್ನ ನೀಟಾಗಿ ಮಾಡಿಕೊಟ್ರು. ಮುಗಿದಾಗ ಮನೆ ಮ್ಯಾಗಜೀನ್ ಫೋಟೋ ಥರ ಇತ್ತು, ನಮ್ಮತ್ತೆ ಕಣ್ಣಲ್ಲಿ ನೀರು ಬಂತು.

ಮೊದಲನೇ ಮಳೆಗಾಲ ಏನೂ ಆಗ್ಲಿಲ್ಲ. ಎರಡನೇದರಲ್ಲಿ ಬಣ್ಣ ಗುಳ್ಳೆ ಎದ್ದಿತು. ಮೊದಲು ಎರಡಡಿ ಎತ್ತರಕ್ಕಿದ್ದ ತೇವ ಎದೆ ಎತ್ತರಕ್ಕೆ ಬಂತು. ಅದರ ಮುಂದಿನ ವರ್ಷ ಚಾವಡಿ ಗೋಡೇಲಿ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಕಳಚಿ ಬಿತ್ತು, ಬರೀ ಪ್ಲಾಸ್ಟರ್ ಬಿದ್ದಿದ್ರೆ ಪರವಾಗಿರ್ಲಿಲ್ಲ, ಅದರ ಹಿಂದೆ ಅಂಟ್ಕೊಂಡು ಮುರಕಲ್ಲಿನ ಮುಖವೇ ಕಿತ್ಕೊಂಡು ಬಂದಿತ್ತು. ನೂರು ವರ್ಷ ನಿಂತ ಕಲ್ಲು ಕಣ್ರೀ ಅದು.

ಪಕ್ಕದೂರಿನ ಒಬ್ಬರು ವಯಸ್ಸಾದ ಮೇಸ್ತ್ರಿ ಬಂದು ನೋಡಿ ಹೇಳಿದ್ದು ಒಂದೇ ಮಾತು. ‘ಗ್ವಾಡಿ ನೀರ್ ಕುಡಿತ್ ಮಾರಾಯ್ರೆ, ಕುಡ್ದದ್ ಹೊರ್ಗ್ ಹೋಯ್ಕಲ್ದಾ?’

ಗೋಡೆ ಕುಡಿದ ನೀರು ಹೊರಗೆ ಹೋಗ್ಬೇಕು, ಇಷ್ಟೇ ವಿಷಯ, ಆದ್ರೆ ಇದನ್ನ ಬಿಡಿಸಿ ಹೇಳ್ಲೇಬೇಕು ಯಾಕಂದ್ರೆ ನಿಮ್ಮ ಕಂಟ್ರಾಕ್ಟರ್ ಖಂಡಿತ ಸಿಮೆಂಟೇ ಹೇಳ್ತಾರೆ. ಗೋಡೆಯೊಳಗಿನ ನೀರಲ್ಲಿ ಉಪ್ಪು ಕರಗಿರುತ್ತೆ. ನೀರು ಹೊರಗೆ ಬಂದು ಆರುವ ಜಾಗದಲ್ಲಿ ಉಪ್ಪು ಹರಳು ಕಟ್ಟುತ್ತೆ, ಹರಳು ಬೆಳೆಯೋವಾಗ ಸುತ್ತಲಿರೋದನ್ನ ಒಡೆಯುತ್ತೆ. ಸುಣ್ಣದ ಗಾರೆ ಇದ್ರೆ ನೀರು ಅದರ ಮೂಲಕ ಸಲೀಸಾಗಿ ಬರುತ್ತೆ, ಹರಳು ಗಾರೆಯಲ್ಲೇ ಕಟ್ಟುತ್ತೆ, ಗಾರೆ ಉದುರುತ್ತೆ, ಕಲ್ಲು ಉಳಿಯುತ್ತೆ. ಅಂದ್ರೆ ನಾನು ಸತ್ತುಹೋಗಿದೆ ಅಂದ್ಕೊಂಡ ಗಾರೆ ತನ್ನ ಕೆಲಸ ಸರಿಯಾಗೇ ಮಾಡ್ತಾ ಇತ್ತು. ಕೆಲವು ವರ್ಷಕ್ಕೊಮ್ಮೆ ಕೆಳಗಿನ ಭಾಗ ಮಾತ್ರ ಹೊಸದಾಗಿ ಬಳಿದರೆ ಮುಗೀತು, ಹಿಂದಿನವರು ಮಾಡ್ತಿದ್ದದ್ದೂ ಅದೇ. ಸಿಮೆಂಟು, ಮೇಲೆ ಎಮಲ್ಷನ್ನು ಹಾಕೋದು ಮಳೇಲಿ ನೆಂದು ಬಂದವನಿಗೆ ಬಟ್ಟೆ ಬದಲಾಯಿಸದೆ ಮೇಲೊಂದು ರೈನ್‌ಕೋಟ್ ತೊಡಿಸಿದ ಹಾಗೆ. ನೀರು ಆಚೆ ಬರೋಕೆ ದಾರಿ ಇಲ್ಲದೆ ಮೇಲಕ್ಕೆ ಹತ್ತುತ್ತೆ, ಉಪ್ಪು ಪ್ಲಾಸ್ಟರ್ ಹಿಂದೆ, ಕಲ್ಲಿನ ಮೈಯೊಳಗೆ ಹರಳು ಕಟ್ಟುತ್ತೆ. ಸಾಲದ್ದಕ್ಕೆ ಸಿಮೆಂಟ್ ಒಳಗಿಂದಲೂ ಒಂದಷ್ಟು ಉಪ್ಪು ಬರುತ್ತೆ.

ಇನ್ನೊಂದು ವಿಷಯ ನಂಗೆ ತುಂಬ ತಡವಾಗಿ ಗೊತ್ತಾಯ್ತು. ಗಾಳೀಲಿ ತೇವಾಂಶ 75 ಪರ್ಸೆಂಟ್ ದಾಟಿದ್ರೆ ಅಡುಗೆ ಉಪ್ಪು ತಾನಾಗೇ ನೀರೊಡೆಯುತ್ತೆ. ಕರಾವಳೀಲಿ ಮಳೆಗಾಲ ಪೂರ್ತಿ ಅದಕ್ಕಿಂತ ಜಾಸ್ತೀನೇ. ಹಂಗಾಗಿ ಮಾಡು, ಅಂದ್ರೆ ಛಾವಣಿ, ಸೋರದಿದ್ರೂ, ನೆಲ ಒಣಗಿದ್ರೂ, ಉಪ್ಪು ಹೀರಿದ ಗೋಡೆ ಗಾಳಿಯಿಂದಲೇ ಒದ್ದೆ ಆಗುತ್ತೆ. ಮೈಸೂರಲ್ಲಿ ಕೂತು ಲೀಕೇಜ್ ಹುಡುಕಿಸ್ತಾ ನಾನು ವೇಸ್ಟ್ ಮಾಡಿದ ದುಡ್ಡಿಗೆ ಲೆಕ್ಕ ಇಲ್ಲ.

ಆಮೇಲೆ ಎಲ್ಲ ತೆಗೆಸಿದ್ವಿ. ಡ್ರಿಲ್ ಮಷಿನ್ ಹಚ್ಚಿದ್ರೆ ಮಣ್ಣಿನ ಗಾರೆ ಅದುರಿ ಕಲ್ಲು ಸಡಿಲ ಆಗುತ್ತೆ ಅಂತ ಉಳಿ ಸುತ್ತಿಗೇಲೇ ನಿಧಾನಕ್ಕೆ. ಹಾಕಿಸಿದ್ದಕ್ಕಿಂತ ತೆಗೆಸಿದ್ದಕ್ಕೇ ಜಾಸ್ತಿ ಖರ್ಚು. ಒಂದು ಬೇಸಿಗೆ ಪೂರ್ತಿ ಗೋಡೆ ಬೆತ್ತಲೆ ಬಿಟ್ವಿ. ಮೇಲೆ ಬಂದ ಬಿಳಿ ಉಪ್ಪನ್ನ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೀಬೇಕು, ನೀರು ಹಾಕಿ ತೊಳೆದ್ರೆ ಕರಗಿ ಮತ್ತೆ ಒಳಗೇ ಹೋಗುತ್ತೆ, ಇದನ್ನ ನೆನಪಲ್ಲಿಟ್ಕೊಳ್ಳಿ. ಆಮೇಲೆ ಅದೇ ಮೇಸ್ತ್ರಿ ಕೈಲಿ ಚಿಪ್ಪಿನ ಸುಣ್ಣ ಅರಳಿಸಿ, ಚೆನ್ನಾಗಿ ಕೊಳೆಹಾಕಿ, ಉಪ್ಪಿಲ್ಲದ ಹೊಳೆ ಮರಳು ಸೇರಿಸಿ ಗಾರೆ ಮಾಡಿದ್ವಿ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕೋದು ಹಳೇ ಪದ್ಧತಿ, ಅವರೂ ಹಾಕಿದ್ರು. ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ, ಅದಕ್ಕೆ ಅವಸರ ಮಾಡೋ ಹಾಗಿಲ್ಲ, ತೆಳು ತೆಳು ಪದರ, ಮಧ್ಯೆ ಮಧ್ಯೆ ನೀರು ಚಿಮುಕಿಸ್ತಾ ಇರ್ಬೇಕು.

ಈಗ ನಿಮ್ಮ ಬಣ್ಣದ ಪ್ರಶ್ನೆ. ಸುಣ್ಣ ಬಳೀರಿ. ಬೇರೆ ಯಾವ ಬಣ್ಣನೂ ನಾನು ಹೇಳಲ್ಲ. ಕೆಳಗೆ ಪಟ್ಟಿ ಬೇಕಿದ್ರೆ ಕಾವಿ. ಗೋಡೆ ಮೇಲೆ ಎಲ್ಲಾದ್ರೂ ಬಿಳಿ ಗಾರೆ ಮೇಲೆ ಕೆಂಪು ಚಿತ್ತಾರ ಕೆರೆದಿರೋ ಕಾವಿ ಕಲೆ ಕಂಡ್ರೆ, ಉತ್ತರ ಕನ್ನಡ, ಗೋವಾ ಕಡೆ ಹಳೇ ದೇವಸ್ಥಾನಗಳಲ್ಲಿ ಇರುತ್ತಲ್ಲ ಅಂಥದ್ದು, ಅದರ ಹತ್ರ ಯಾರನ್ನೂ ಬಿಡಬೇಡಿ, ಒರೆಸೋಕೂ ಬಿಡಬೇಡಿ.

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಅಂತ ಯಾರಾದ್ರೂ ಬಂದ್ರೆ ಕಳಿಸಿಬಿಡಿ. ನೆಲದ ತೇವ ಟೈಲ್ಸ್ ದಾಟಿ ಬರಲಾರದೆ ಪಕ್ಕಕ್ಕೆ ಸರಿದು ಗೋಡೆಗೇ ಹತ್ತುತ್ತೆ. ಹಳೇ ಕೆಂಪು ನೆಲ ಇದ್ರೆ ಬಿರುಕಿದ್ರೂ ಇರ್ಲಿ, ಆಗಾಗ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಒರೆಸ್ತಾ ಬನ್ನಿ, ಆ ಹೊಳಪು ಯಾವ ಅಂಗಡೀಲೂ ಸಿಗಲ್ಲ.

ಮಾಡಿನ ವಿಷಯ ಬೇಗ ಹೇಳ್ತೀನಿ. ಹಂಚು ಬಿಸಾಕಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಸೀಮೇಲಿ ಬಂದ ಹಂಚುಗಳು ಇನ್ನೂ ಗಟ್ಟಿಮುಟ್ಟಾಗಿವೆ, ತಿರುಗಿಸಿ ನೋಡಿ, ಹಿಂದೆ ಕಾರ್ಖಾನೆ ಹೆಸರು ಒತ್ತಿರುತ್ತೆ. ಇಳಿಸಿ, ಪಾಚಿ ಉಜ್ಜಿ, ಒಡೆದದ್ದನ್ನ ಮಾತ್ರ ಬದಲಾಯಿಸಿ ಮತ್ತೆ ಹೊದಿಸಿ. ಹಂಚು ಹೊರೋ ಪಕಾಸು ರೀಪು ಗೆದ್ದಲು ತಿಂದಿದ್ರೆ ಮರದಲ್ಲೇ ಹೊಸದು ಹಾಕ್ಸಿ, ಕಬ್ಬಿಣದ ಪೈಪು ಬೇಡ್ವೇ ಬೇಡ, ಆ ಗಾಳಿಗೆ ತುಕ್ಕು ಬಿಡಲ್ಲ. ಮರಕ್ಕೆ ಅಲ್ಲಿನವರು ಗೇರೆಣ್ಣೆ ಬಳೀತಾರೆ, ಗೇರುಬೀಜದ ಸಿಪ್ಪೆಯಿಂದ ತೆಗೆಯೋದು, ಹುಳ ಹತ್ರ ಬರಲ್ಲ, ಚರ್ಮಕ್ಕೆ ತಾಕಿದ್ರೆ ಸುಡುತ್ತೆ, ಕೈಗವಸು ಹಾಕಿಸಿ. ಬಾಗಿಲು ಕಿಟಕಿಗೆ ಹಿತ್ತಾಳೆ ಕೀಲು. ಸ್ಟೀಲೇ ಬೇಕು ಅಂದ್ರೆ 316 ಗ್ರೇಡ್, ಸಾಮಾನ್ಯವಾಗಿ ಸಿಗೋ 304 ಅಲ್ಲಿ ಕಲೆ ಬೀಳುತ್ತೆ.

ಟೈಮ್‌ಲೆಸ್ ಲುಕ್ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಇಷ್ಟ ಆಗ್ದೇ ಇರಬಹುದು. ನೀವು ಆ ಮನೆಗೆ ಯಾವ ಸ್ಟೈಲೂ ಕೊಡ್ಬೇಕಾಗಿಲ್ಲ. ಅಗಲದ ಜಗಲಿ, ತಗ್ಗಿನ ಮಾಡು, ಅದರ ಕೆಳಗಿನ ಮರದ ಮುಚ್ಚಿಗೆ, ದಪ್ಪ ಕಂಬ, ಸುಣ್ಣದ ಗೋಡೆ, ಇದ್ಯಾವುದೂ ಚೆಂದಕ್ಕೆ ಅಂತ ಮಾಡಿದ್ದಲ್ಲ, ಆ ಮಳೆ ಆ ಬಿಸಿಲಿಗೆ ಮಾಡಿದ್ದು, ಚೆಂದ ಅದರ ಜೊತೆ ಬಂತು. ನಂಬಿಕೆ ಬರದಿದ್ರೆ ದುಡ್ಡು ಖರ್ಚು ಮಾಡೋ ಮುಂಚೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಕೆಡವಿ ಹಾಕ್ತಿದ್ದ ಹಳೇ ಮನೆಗಳನ್ನ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ, ಕುಂಜೂರಿನ ಚೌಕಿ ಮನೆ ಇದೆ, ಭಟ್ಕಳದ ನವಾಯತ ಮುಸ್ಲಿಮರ ಮನೆ ಇದೆ. ಒಳಗೆ ಎಷ್ಟು ಕಮ್ಮಿ ಸಾಮಾನಿದೆ, ಬೆಳಕು ಎಲ್ಲಿಂದ ಬರುತ್ತೆ ನೋಡಿ.

ಸಾಮಾನು ಅಂದ್ರೆ, ನಾನು ಮೈಸೂರಿಂದ ಪ್ಲೈವುಡ್ ವಾರ್ಡ್‌ರೋಬು, ದಪ್ಪ ಸೋಫಾ ಎಲ್ಲ ಸಾಗಿಸಿದ್ದೆ, ಮಳೆಗಾಲ ಮುಗಿಯೋ ಹೊತ್ತಿಗೆ ಪ್ಲೈವುಡ್ ಉಬ್ಬಿ ಸೋಫಾಗೆ ಬೂಸು ಹಿಡಿದಿತ್ತು. ಈಗ ಅಟ್ಟದ ಮೇಲೆ ಬಿದ್ದಿದ್ದ ಹಲಸಿನ ಮರದ ಮಂಚ, ಬೆತ್ತದ ಕುರ್ಚಿ, ಒಂದು ಉಯ್ಯಾಲೆ ಅಷ್ಟೇ. ನಮ್ಮ ಮೈಸೂರಿನ ಬೀಟೆ ಮರದ ಇನ್ಲೇ ಫಲಕ ಗೋಡೆಗೆ ಹಾಕ್ಬೇಕು ಅಂತ ನಂಗೂ ಆಸೆ ಇತ್ತು, ಆದ್ರೆ ಆ ತೇವಕ್ಕೆ ಮರ ಹಿಗ್ಗಿ ಕುಗ್ಗಿ ಕೂರಿಸಿದ ಚೂರು ಎದ್ದು ಬರೋ ಅಪಾಯ ಇದೆ, ಅದನ್ನ ಮೈಸೂರು ಮನೇಲೇ ಇಟ್ಕೊಳ್ಳಿ. ಏನೇ ಇಟ್ರೂ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ.

ಡಿಸೈನರ್ರಾ ಕಂಟ್ರಾಕ್ಟರ್ರಾ ಅಂದ್ರೆ ಇಬ್ಬರೂ ಬೇಡ. ಅಲ್ಲಿನ ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿ ಹುಡುಕಿ, ಹಳೇ ದೇವಸ್ಥಾನದ ಜೀರ್ಣೋದ್ಧಾರ ಎಲ್ಲಾದ್ರೂ ಸುಣ್ಣದಲ್ಲೇ ಮಾಡಿದ್ರೆ ಯಾರು ಮಾಡಿದ್ದು ಅಂತ ಕೇಳಿ, ನಂಗೆ ಸಿಕ್ಕಿದ್ದು ಹಂಗೇ. ಕೂಲಿ ಜಾಸ್ತಿ ಕೇಳ್ತಾರೆ, ಚೌಕಾಸಿ ಮಾಡ್ಬೇಡಿ. ಮತ್ತೆ ಕೆಲಸ ಶುರು ಮಾಡೋಕೆ ಮುಂಚೆ ಒಂದ್ಸಲ ಜುಲೈನಲ್ಲಿ ಹೋಗಿ ಆ ಮನೇಲಿ ಉಳ್ಕೊಂಡು, ಎಲ್ಲಿ ಸೋರುತ್ತೆ, ಗೋಡೆ ಎಷ್ಟು ಎತ್ತರಕ್ಕೆ ಒದ್ದೆ ಆಗುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೀರಿ. ಈಗಾಗ್ಲೇ ಯಾರಾದ್ರೂ ಸಿಮೆಂಟ್ ಬಳಿದಿದ್ದಾರಾ ಅಂತ ಅಮ್ಮನ್ನ ಕೇಳಿ, ಅದೊಂದು ಗೊತ್ತಾದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳ್ತೀನಿ.