ಸರ್ವರ್ ಪ್ರಶ್ನೋತ್ತರ: ಕೈಯಾರೆ ಎಬ್ಬಿಸಿದರೆ ಏಳುತ್ತದೆ, ತಾನಾಗಿ ಏಳುವುದಿಲ್ಲ

ಪ್ರಶ್ನೆ: ನಮ್ಮಲ್ಲಿ ವರದಿ ತಯಾರಿಸುವ ಸಣ್ಣ ಪ್ರೋಗ್ರಾಂ ಒಂದಿದೆ. ಅದನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಬೂಟ್ ಆಗುವಾಗ ಬೇರೆ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ) ಸರ್ವಿಸ್ ಮಾಡಿ ಇಟ್ಟಿದ್ದೇನೆ. ಮೆಷಿನ್ ರೀಬೂಟ್ ಆದಾಗಲೆಲ್ಲ ಅದು ಬಿದ್ದಿರುತ್ತದೆ. ಲಾಗಿನ್ ಆಗಿ ಸ್ಟಾರ್ಟ್ ಕೊಟ್ಟರೆ ತಕ್ಷಣ ಏಳುತ್ತದೆ. ಫೇಲ್ ಆದರೆ ರೀಸ್ಟಾರ್ಟ್ ಮಾಡು ಎಂಬ ಸಾಲನ್ನೂ ಹಾಕಿದ್ದೇನೆ, ಪ್ರಯೋಜನವಿಲ್ಲ. ಸ್ಟೇಟಸ್ ನೋಡಿದರೆ 217 ಎಂದು ಬರುತ್ತದೆ. ಪ್ರೋಗ್ರಾಂ ಬರೆದವರು ತಮ್ಮ ಕೋಡ್ ಸರಿಯಿದೆ ಎನ್ನುತ್ತಾರೆ.

ಉತ್ತರ: ಅವರು ಹೇಳುವುದು ನಿಜ ಇರಬೇಕು. ಅವರ ಕೋಡ್‌ನ ಒಂದು ಸಾಲೂ ಇನ್ನೂ ಓಡಿಲ್ಲ! 217 ಎಂಬುದು ಸಿಸ್ಟಮ್‌ಡಿ ತಾನೇ ಕೊಡುವ ನಂಬರ್. ‘ಯಾವ ಯೂಸರ್ ಹೆಸರಲ್ಲಿ ಓಡಿಸು ಎಂದಿರೋ ಆ ಯೂಸರ್ ಆಗಲು ನನ್ನಿಂದ ಆಗಲಿಲ್ಲ’ ಎಂದು ಅದು ಹೇಳುತ್ತಿದೆ. ಹೆಚ್ಚಿನ ಸಲ ಕಾರಣ ಸರಳ: ಆ ಹೆಸರಿನವರು ಯಾರೂ ಅದಕ್ಕೆ ಸಿಗಲಿಲ್ಲ.

ನನ್ನ ಊಹೆ ಹೇಳುತ್ತೇನೆ. ನಿಮ್ಮ ಯೂಸರ್‌ಗಳೆಲ್ಲ ಬೇರೆ ಮೆಷಿನ್‌ನ ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿದ್ದಾರೆ, ಅಂದರೆ ಎಲ್ಲ ಮೆಷಿನ್‌ಗಳೂ ನೆಟ್‌ವರ್ಕ್ ಮೂಲಕ ಕೇಳುವ ಒಂದೇ ಯೂಸರ್ ಪಟ್ಟಿಯಲ್ಲಿ. ಈ ಪ್ರೋಗ್ರಾಂಗೆಂದು ಮಾಡಿದ ಯೂಸರ್ ಕೂಡ ಅಲ್ಲೇ ಇದೆ. ಪರೀಕ್ಷಿಸುವುದು ಸುಲಭ. ಮೆಷಿನ್‌ನ ಸ್ವಂತ ಯೂಸರ್‌ಗಳ ಪಟ್ಟಿ ಇಟಿಸಿ ಫೋಲ್ಡರ್‌ನ ಪಾಸ್‌ವಡ್ (passwd) ಫೈಲ್‌ನಲ್ಲಿರುತ್ತದೆ, ಅದರಲ್ಲಿ ಆ ಹೆಸರು ಹುಡುಕಿ. ಆಮೇಲೆ ಫೈಲ್, ಡೈರೆಕ್ಟರಿ ಎರಡನ್ನೂ ನೋಡುವ ಗೆಟ್‌ಎಂಟ್ ಕಮಾಂಡ್‌ನಲ್ಲಿ ಅದೇ ಹೆಸರು ಕೇಳಿ. ಫೈಲ್‌ನಲ್ಲಿ ಇಲ್ಲದ ಹೆಸರು ಗೆಟ್‌ಎಂಟ್‌ಗೆ ಸಿಕ್ಕಿತೇ? ಹಾಗಾದರೆ ಅದು ನೆಟ್‌ವರ್ಕ್‌ನ ಆಚೆಯಿಂದ ಬರುತ್ತಿದೆ. ಬೂಟ್ ಆಗುವ ಹೊತ್ತಿಗೆ ನೆಟ್‌ವರ್ಕ್ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ನೀವು ಲಾಗಿನ್ ಆಗುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ನಿಮ್ಮ ಕೈಗುಣ ಚೆನ್ನಾಗಿದೆ ಅಂತ ಅನ್ನಿಸುವುದು ಇದರಿಂದಲೇ.

ರೀಸ್ಟಾರ್ಟ್ ಸಾಲು ಯಾಕೆ ಕಾಪಾಡಲಿಲ್ಲ? ನೀವು ಬೇರೆ ಏನೂ ಹೇಳದಿದ್ದರೆ ಸಿಸ್ಟಮ್‌ಡಿ ಎರಡು ಪ್ರಯತ್ನಗಳ ನಡುವೆ ಕಾಯುವುದು 100 ಮಿಲಿಸೆಕೆಂಡ್ ಮಾತ್ರ. ಜೊತೆಗೆ 10 ಸೆಕೆಂಡಿನಲ್ಲಿ 5 ಸಲ ಸ್ಟಾರ್ಟ್ ಮಾಡಿದರೂ ಸರ್ವಿಸ್ ಏಳದಿದ್ದರೆ ಕೈಬಿಟ್ಟುಬಿಡುತ್ತದೆ. ಐದೂ ಪ್ರಯತ್ನ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತವೆ. ಜರ್ನಲ್‌ಸಿಟಿಎಲ್‌ನಲ್ಲಿ ಈ ಬೂಟ್‌ನ ಲಾಗ್ ತೆಗೆದು ಸಮಯ ನೋಡಿ, ಗೊತ್ತಾಗುತ್ತದೆ.

ಇಲ್ಲಿ ಬಹಳ ಜನ ‘ನೆಟ್‌ವರ್ಕ್ ಟಾರ್ಗೆಟ್ ಆದಮೇಲೆ ಶುರುಮಾಡು’ ಎಂದು ಆಫ್ಟರ್ ಸಾಲು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಟಾರ್ಗೆಟ್ ಅಂದರೆ ಬೂಟ್‌ನಲ್ಲಿ ಸಿಸ್ಟಮ್‌ಡಿ ದಾಟುವ ಒಂದು ಹಂತ. ಆದರೆ ಆ ಹೆಸರೇ ಮೋಸ. ನೆಟ್‌ವರ್ಕ್ ಟಾರ್ಗೆಟ್ ಮುಟ್ಟಿತು ಎಂದರೆ ನೆಟ್‌ವರ್ಕ್ ಸಿಕ್ಕಿತು ಅಂತಲ್ಲ. ಸಿಕ್ಕುವವರೆಗೆ ಕಾಯುವುದು ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್. ಅದನ್ನು ಆಫ್ಟರ್ ಜೊತೆ ವಾಂಟ್ಸ್ ಸಾಲಿನಲ್ಲೂ ಬರೆಯಬೇಕು. ಆಫ್ಟರ್ ಹೇಳುವುದು ಸರದಿಯನ್ನಷ್ಟೇ, ಯಾರನ್ನೂ ಕರೆತರುವುದಿಲ್ಲ. ಇಷ್ಟು ಮಾಡಿದರೂ ಡೈರೆಕ್ಟರಿ ಸರ್ವರ್ ಆ ಕ್ಷಣಕ್ಕೆ ಮಲಗಿದ್ದರೆ ಕಥೆ ಮತ್ತೆ ಅದೇ.

ಹಾಗಾಗಿ ನನ್ನ ಸಲಹೆ ಬೇರೆ. ಮನುಷ್ಯರ ಹೆಸರು ಡೈರೆಕ್ಟರಿಯಲ್ಲಿರಲಿ. ಸರ್ವಿಸ್‌ಗಳ ಯೂಸರ್ ಅದೇ ಮೆಷಿನ್‌ನಲ್ಲಿರಲಿ. ಸಿಸ್ಟಮ್ ಯೂಸರ್ ಆಗಿ, ಸಾಮಾನ್ಯವಾಗಿ 1000ಕ್ಕಿಂತ ಕಡಿಮೆ ನಂಬರ್‌ನಲ್ಲಿ. ಬದಲಾಯಿಸುವಾಗ ಒಂದು ಎಚ್ಚರ: ಫೈಲ್‌ಗಳ ಮೇಲೆ ಮಾಲೀಕರ ಹೆಸರು ಬರೆದಿರುವುದಿಲ್ಲ, ನಂಬರ್ ಬರೆದಿರುತ್ತದೆ. ಯೂಸರ್ ನಂಬರ್ ಬದಲಾದರೆ ಹಳೆಯ ಫೈಲ್‌ಗಳೆಲ್ಲ ಬೇರೆಯವರ ಪಾಲಾಗುತ್ತವೆ. ಚೌನ್ (ಫೈಲ್‌ಗಳ ಮಾಲೀಕರನ್ನು ಬದಲಾಯಿಸುವ ಕಮಾಂಡ್) ಮಾಡದೆ ಸರ್ವಿಸ್ ಶುರುಮಾಡಬೇಡಿ. ಡೈರೆಕ್ಟರಿಯಲ್ಲಿರುವ ಹಳೆಯ ಹೆಸರನ್ನೂ ತೆಗೆದುಹಾಕಿ. ಒಂದೇ ಹೆಸರಿನ ಇಬ್ಬರು ಇದ್ದರೆ ಮುಂದೊಂದು ದಿನ ತಲೆ ಕೆಡಿಸಿಕೊಳ್ಳುವವರು ನೀವೇ.

ಇಷ್ಟು ಜೋರಾಗಿ ಹೇಳಲು ಕಾರಣವಿದೆ. ಹಿಂದೆ ಒಂದು ಕಡೆ ಎಲ್ಲ ಯೂಸರ್‌ಗಳನ್ನೂ ಡೈರೆಕ್ಟರಿಗೆ ಸೇರಿಸಿ, ‘ಈಗ ಅಚ್ಚುಕಟ್ಟಾಯಿತು’ ಎಂದು ಬೀಗಿದವನು ನಾನು. ನನ್ನ ಲಾಗಿನ್ನೂ ಅದರೊಳಗೇ. ಒಂದು ರಾತ್ರಿ ಡೈರೆಕ್ಟರಿ ಸರ್ವರ್‌ನ ಡಿಸ್ಕ್ ತುಂಬಿ, ಡೈರೆಕ್ಟರಿ ನಡೆಸುವ ಸ್ಲಾಪ್‌ಡಿ ಪ್ರೋಗ್ರಾಂ ನಿಂತಿತು. ಸರಿಮಾಡಲು ಅದೇ ಸರ್ವರ್‌ಗೆ ಲಾಗಿನ್ ಆಗಬೇಕು. ಲಾಗಿನ್ ಆಗಲು ಸ್ಲಾಪ್‌ಡಿ ಓಡುತ್ತಿರಬೇಕು. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಯಿತು. ಕೊನೆಗೆ ಕೀಬೋರ್ಡ್, ಮಾನಿಟರ್ ಹೊತ್ತುಕೊಂಡು ಹೋಗಿ, ಸಿಂಗಲ್ ಯೂಸರ್ ಮೋಡ್‌ನಲ್ಲಿ ಬೂಟ್ ಮಾಡಿ, ಹಳೆಯ ಲಾಗ್ ಅಳಿಸಿದೆ. ಆವತ್ತಿನಿಂದ ನನ್ನ ಪ್ರತಿ ಮೆಷಿನ್‌ನಲ್ಲೂ ಡೈರೆಕ್ಟರಿಯ ಹಂಗಿಲ್ಲದ ಒಂದು ಲೋಕಲ್ ಅಕೌಂಟ್ ಇರುತ್ತದೆ. ಅದರ ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡುತ್ತೇನೆ. ನಗಬೇಡಿ.

ಪ್ರಶ್ನೆ: ಡೀಮನ್ ಅಂದರೆ ದೆವ್ವವಾ?

ಉತ್ತರ: ಹಿಂದೆ ಕೂತು ಕೆಲಸ ಮಾಡುವ ಪ್ರೋಗ್ರಾಂಗೆ ಆ ಹೆಸರಿಟ್ಟವರು 1963ರ ಸುಮಾರಿಗೆ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನವರು. ಅವರ ಮನಸ್ಸಿನಲ್ಲಿದ್ದದ್ದು ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡ ಪುಟ್ಟ ಜೀವಿ. ಬಾಗಿಲ ಬಳಿ ನಿಂತು ವೇಗದ ಕಣ, ನಿಧಾನದ ಕಣ ಎಂದು ದಣಿವಿಲ್ಲದೆ ಬೇರೆ ಮಾಡುವ ಜೀವಿ ಅದು. ಸಿಸ್ಟಮ್‌ಡಿ, ಸ್ಲಾಪ್‌ಡಿ ಹೆಸರುಗಳ ಕೊನೆಯ ‘ಡಿ’ ಅದೇ. ಕಾಟ ಕೊಡುವಾಗ ಮಾತ್ರ ನೀವು ಹೇಳಿದ ಅರ್ಥವೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಡೈರೆಕ್ಟರಿಗೆ ಓಪನ್ ಸೋರ್ಸ್‌ನಲ್ಲಿ ಓಪನ್‌ಎಲ್‌ಡ್ಯಾಪ್, 389, ಫ್ರೀಐಪಿಎ, ಸಾಂಬಾ ಎಂದು ನಾಲ್ಕು ಹೆಸರು ಕೇಳಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ನಿಮ್ಮಲ್ಲಿ ಯಾವ ಮೆಷಿನ್‌ಗಳಿವೆ ಎಂದು ಬರೆದಿಲ್ಲ. ವಿಂಡೋಸ್ ಡೆಸ್ಕ್‌ಟಾಪ್‌ಗಳು ಡೊಮೈನ್ ಸೇರಬೇಕಿದ್ದರೆ ಸಾಂಬಾ. 2012ರ ಕೊನೆಯಲ್ಲಿ ಬಂದ 4.0 ಆವೃತ್ತಿಯಿಂದ ಅದು ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯ ಡೊಮೈನ್ ಕಂಟ್ರೋಲರ್ (ಡೊಮೈನ್‌ನ ಲಾಗಿನ್‌ಗಳನ್ನು ನೋಡಿಕೊಳ್ಳುವ ಸರ್ವರ್) ಆಗಿ ನಿಲ್ಲಬಲ್ಲದು. ಎಲ್ಲವೂ ಲಿನಕ್ಸ್ ಆಗಿದ್ದರೆ ಫ್ರೀಐಪಿಎ. ಅದರ ಹೊಟ್ಟೆಯಲ್ಲಿ 389 ಡೈರೆಕ್ಟರಿ, ಲಾಗಿನ್ ಆಗುವವರ ಗುರುತು ಪರಿಶೀಲಿಸುವ ಕೆರ್ಬೆರೋಸ್, ಸರ್ಟಿಫಿಕೇಟ್ ಕೊಡುವ ಡಾಗ್‌ಟ್ಯಾಗ್ ಎಲ್ಲ ಇವೆ. ಆದರೆ ಡಿಎನ್‌ಎಸ್ (ಹೆಸರಿನಿಂದ ಮೆಷಿನ್‌ನ ವಿಳಾಸ ಹುಡುಕುವ ವ್ಯವಸ್ಥೆ), ಹೋಸ್ಟ್‌ನೇಮ್, ಗಡಿಯಾರ ಮೂರೂ ಸರಿಯಿರಬೇಕು. ಮೆಷಿನ್‌ಗಳ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಹಿಂದೆ ಮುಂದೆ ಆದರೆ ಕೆರ್ಬೆರೋಸ್ ಒಳಗೆ ಬಿಡುವುದಿಲ್ಲ. ಒಂದೆರಡು ಆ್ಯಪ್‌ಗಳಿಗೆ ಲಾಗಿನ್ ಪಟ್ಟಿ ಸಾಕು ಅನ್ನುವವರಿಗೆ ಓಪನ್‌ಎಲ್‌ಡ್ಯಾಪ್ ಅಥವಾ ಬರೀ 389 ಸಾಕು. (389 ಎಂಬುದು ಎಲ್‌ಡ್ಯಾಪ್‌ನ ಪೋರ್ಟ್ ನಂಬರ್. ಹೆಸರಿಡಲು ಅಷ್ಟೂ ಬೇಸರವೇ ಅಂತ ನನಗೆ ಈಗಲೂ ಅನ್ನಿಸುತ್ತದೆ.)

ಪ್ರಶ್ನೆ: ಓಪನ್‌ಎಲ್‌ಡ್ಯಾಪ್ ಡೇಟಾ ಇರುವ ಫೋಲ್ಡರನ್ನು ದಿನಾ ರಾತ್ರಿ ಕಾಪಿ ಮಾಡಿ ಇಡುತ್ತೇನೆ. ಸಾಕಲ್ವಾ?

ಉತ್ತರ: ಸಾಲದು. ಸ್ಲಾಪ್‌ಡಿ ಬರೆಯುತ್ತಿರುವಾಗಲೇ ಫೈಲ್ ಕಾಪಿ ಆದರೆ ಅರ್ಧ ಹಳೆಯದು, ಅರ್ಧ ಹೊಸದು ಸಿಗಬಹುದು. ಡೈರೆಕ್ಟರಿಯ ಡೇಟಾ ಹೊರತೆಗೆಯುವ ಸ್ಲಾಪ್‌ಕ್ಯಾಟ್ ಕಮಾಂಡ್ ಬಳಸಿ. ಈಗಿನ ಎಂಡಿಬಿ ಡೇಟಾಬೇಸ್ ಆಗಿದ್ದರೆ ಸ್ಲಾಪ್‌ಡಿ ನಿಲ್ಲಿಸುವುದೂ ಬೇಡ. ಎಲ್ಲವೂ ಓದಲು ಬರುವ ಎಲ್‌ಡಿಫ್ ಪಠ್ಯವಾಗಿ ಹೊರಬರುತ್ತದೆ. ಕಾನ್ಫಿಗರೇಷನ್ ಕೂಡ ಡೈರೆಕ್ಟರಿಯೊಳಗೇ ಇದ್ದರೆ ಅದು ಡೇಟಾಬೇಸ್ ನಂಬರ್ 0. ಅದನ್ನು ಬೇರೆಯಾಗಿ ತೆಗೆಯಬೇಕು, ಜನ ಮರೆಯುವುದು ಅದನ್ನೇ. ಹೀಗೆ ಹೊರಬಂದ ಫೈಲ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್‌ಗಳಿರುತ್ತವೆ (ಪಾಸ್‌ವರ್ಡ್‌ಗಳ ಗುಪ್ತರೂಪ), ಎಲ್ಲರ ಕಣ್ಣಿಗೆ ಬೀಳದ ಹಾಗೆ ಪರ್ಮಿಷನ್ 600 (ಮಾಲೀಕರು ಮಾತ್ರ ಓದಿ ಬರೆಯಬಹುದು) ಮಾಡಿ. ಸುಮ್ನೆ ತೆಗೆದಿಟ್ಟರೂ ಸಾಲದು. ಒಂದು ಖಾಲಿ ಮೆಷಿನ್‌ನಲ್ಲಿ ಸ್ಲಾಪ್‌ಆಡ್‌ನಿಂದ ವಾಪಸ್ ತುಂಬಿ ನೋಡಿ, ಹಾಗೆ ತುಂಬುವಾಗ ಮಾತ್ರ ಸ್ಲಾಪ್‌ಡಿ ನಿಲ್ಲಿಸಿರಬೇಕು. ಸ್ಲಾಪ್‌ಆಡ್ ಅನ್ನು ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಓಡಿಸಿದರೆ ಹೊಸ ಫೈಲ್‌ಗಳು ರೂಟ್ ಹೆಸರಲ್ಲಿ ಹುಟ್ಟುತ್ತವೆ. ಸ್ಲಾಪ್‌ಡಿ ಓಡುವುದು ಬೇರೆ ಯೂಸರ್ ಹೆಸರಲ್ಲಾದರೆ ಅದಕ್ಕೆ ಅವು ತೆರೆಯುವುದಿಲ್ಲ. ಡೇಟಾ ಹಾಳಾಯಿತು ಎಂದು ಗಾಬರಿಯಾಗುವ ಮೊದಲು ಆ ಫೋಲ್ಡರ್‌ಗೆ ಚೌನ್ ಕೊಟ್ಟು ಇನ್ನೊಮ್ಮೆ ಸ್ಟಾರ್ಟ್ ಮಾಡಿ.