ಸಂಪಾದಕರ ಉತ್ತರ: ಬಿಲ್ಲಿನಲ್ಲಿ ಹೆಸರಿಲ್ಲದ ಹದಿನಾಲ್ಕು ಸುಗ್ಗಿ

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋಗಿ, ಈಗ ಒಂದೂವರೆ ವರ್ಷದಿಂದ ಸಾಗರದ ಬಳಿ ಅಣ್ಣನ ಮನೆಯಲ್ಲಿರುವ ಓದುಗರೊಬ್ಬರ ಪತ್ರ ಬಂದಿದೆ. ಅವರ ವಯಸ್ಸು 38, ಮಗಳಿಗೆ 11. ಬಿ.ಎಡ್. ಓದಿದ್ದಾರೆ, ಪಾಠ ಹೇಳಿದ್ದು ಮದುವೆಗೆ ಮುಂಚೆ ಒಂದೇ ವರ್ಷ. ಸದ್ಯ ಹೊಲಿಗೆಯಿಂದ ತಿಂಗಳಿಗೆ ನಾಲ್ಕೈದು ಸಾವಿರ ರೂಪಾಯಿ ಬರುತ್ತದೆ. ಮೂರು ಲಕ್ಷ ರೂಪಾಯಿ ಕೊಡುತ್ತೇವೆ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕಿ ಎಂದು ಗಂಡನ ಕಡೆಯವರು ಕಾಗದ ಕಳಿಸಿದ್ದಾರೆ. ತೋಟ ಮಾವನ ಹೆಸರಿನಲ್ಲಿದೆ, ಗಂಡನಿಗೆ ಸ್ವಂತ ಆದಾಯವೇ ಇಲ್ಲ ಎಂಬುದು ಅವರ ವಾದ. ‘ಆಸ್ತಿಯಲ್ಲಿ ಮೂರನೇ ಒಂದು ಪಾಲು ಸಿಗುತ್ತದೆ ಎಂದು ಒಬ್ಬರು, ಓದಿದವಳಿಗೆ ಬಿಡಿಗಾಸೂ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ನಿಜವಾದ ಲೆಕ್ಕ ಯಾವುದು? ಹದಿನಾಲ್ಕು ಸುಗ್ಗಿ ನಾನು ಆ ಮನೆಯಲ್ಲಿ ಅಡಿಕೆ ಸುಲಿದಿದ್ದೇನೆ. ಒಂದು ಬಿಲ್ಲಿನಲ್ಲೂ ನನ್ನ ಹೆಸರಿಲ್ಲ’ ಎಂದು ಬರೆದಿದ್ದಾರೆ.

ಪ್ರಿಯ ಸಹೋದರಿ,

ನಿಮ್ಮ ಪತ್ರದ ಕೊನೆಯ ಸಾಲು ಓದಿದಾಗ ನನ್ನ ಚಿಕ್ಕಮ್ಮನ ಕೈಗಳು ನೆನಪಾದವು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಸುಲಿದ ಕೈಗಳು. ಅಡಿಕೆಯ ಚೊಗರಿನ ಕಪ್ಪು ಬೆರಳ ಸಂದಿಗಿಳಿದರೆ ಯುಗಾದಿಯವರೆಗೂ ಹೋಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಅವರು ಒಂದು ಟ್ರಂಕು ಹಿಡಿದು ತವರಿಗೆ ಮರಳಿದಾಗ, ಜೀವನಾಂಶ ಕೊಡಿಸುವ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಎಂಥ ಶ್ರೀಮಂತನ ಹೆಂಡತಿಗೂ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸಲು ಬರುತ್ತಿರಲಿಲ್ಲ. ಅಷ್ಟಕ್ಕಾಗಿ ಯಾರು ಕೋರ್ಟಿಗೆ ಅಲೆಯುತ್ತಾರೆ ಎಂದು ಮನೆಯ ಗಂಡಸರು ತೀರ್ಮಾನಿಸಿದರು. ಚಿಕ್ಕಮ್ಮನನ್ನು ಯಾರೂ ಕೇಳಲಿಲ್ಲ. ಆ ಮಿತಿಯನ್ನು 2001ರಲ್ಲಿ ತೆಗೆದುಹಾಕಲಾಯಿತು. ನಿಮ್ಮ ಕಾಲ ಬೇರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ‘ಮೂರನೇ ಒಂದು ಪಾಲು’ ಮನಸ್ಸಿನಿಂದ ತೆಗೆದುಬಿಡಿ. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಇಂತಿಷ್ಟು ಪಾಲು ಎಂಬ ಕಾನೂನು ನಮ್ಮಲ್ಲಿಲ್ಲ. ಗಂಡನ ನಿವ್ವಳ ಸಂಬಳದ ಶೇ 25ರಷ್ಟು ಕೊಡುವುದು ನ್ಯಾಯಯುತ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದುಂಟು. ಅದು ಸಂಬಳದಾರನೊಬ್ಬನ ಪ್ರಕರಣದಲ್ಲಿ ಬಂದ ಮಾತು, ಎಲ್ಲರಿಗೂ ಹಾಕಿದ ಅಳತೆಗೋಲಲ್ಲ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮು ನ್ಯಾಯಾಧೀಶರಿಗೆ ಹೇಳುವುದು ಇಷ್ಟು: ಇಬ್ಬರ ಆದಾಯ, ಇಬ್ಬರ ಆಸ್ತಿ, ಇಬ್ಬರ ನಡವಳಿಕೆ, ಉಳಿದ ಸಂದರ್ಭ ನೋಡಿ ನ್ಯಾಯವೆನಿಸಿದ್ದನ್ನು ಕೊಡಿಸಿ. ಇದೇ ಕಾಯ್ದೆಯ 24ನೇ ಕಲಮಿನಡಿ ಮೊಕದ್ದಮೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶವನ್ನೂ ಖಟ್ಲೆಯ ಖರ್ಚನ್ನೂ ಕೇಳಬಹುದು. ಹಳೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ವಿಚ್ಛೇದನದ ದಾವೆ ಇರಲಿ, ಇಲ್ಲದಿರಲಿ, ಅದರಡಿ ನಿಮಗೂ ಮಗಳಿಗೂ ಅರ್ಜಿ ಹಾಕಲು ಬರುತ್ತದೆ. ಎರಡು ಕಡೆ ಆದೇಶವಾದರೆ ಒಂದರಲ್ಲಿ ಬಂದದ್ದನ್ನು ಇನ್ನೊಂದರ ಮೊತ್ತದಲ್ಲಿ ಕಳೆಯುತ್ತಾರೆ. ಆದ್ದರಿಂದ ಯಾವುದನ್ನೂ ಮುಚ್ಚಿಡದೆ ಹೇಳಬೇಕು.

ಹಾಗಾದರೆ ಮೊತ್ತ ಹೇಗೆ ಹುಟ್ಟುತ್ತದೆ? 2020ರ ನವೆಂಬರ್ 4ರಂದು ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ನಿಮ್ಮ ವಕೀಲರು ಯಾರೇ ಆಗಲಿ, ಈ ಹೆಸರು ಅವರಿಗೆ ಬಾಯಿಪಾಠವಾಗಿರುತ್ತದೆ. ಮದುವೆ ಎಷ್ಟು ವರ್ಷ ನಡೆಯಿತು, ಇಬ್ಬರ ವಯಸ್ಸು ಮತ್ತು ಆರೋಗ್ಯವೇನು, ಆ ಮನೆಯಲ್ಲಿ ಹೆಂಡತಿ ಯಾವ ಮಟ್ಟದ ಬದುಕು ಕಂಡಿದ್ದಳು, ಮಕ್ಕಳ ಓದಿಗೆ ಎಷ್ಟು ಬೇಕು, ಗಂಡನಿಗೆ ಬೇರೆ ಯಾರ ಹೊಣೆಯಿದೆ, ಸಂಸಾರಕ್ಕಾಗಿ ಮತ್ತು ಹಿರಿಯರ ಆರೈಕೆಗಾಗಿ ಅವಳು ಉದ್ಯೋಗ ಬಿಟ್ಟಿದ್ದಳೇ ಎಂಬುದನ್ನೆಲ್ಲ ತೂಗಬೇಕು. ಕೊನೆಯದನ್ನು ಇನ್ನೊಮ್ಮೆ ಓದಿ. ನೀವು ಶಾಲೆಯ ಕೆಲಸ ಬಿಟ್ಟದ್ದು, ಪಾರ್ಶ್ವವಾಯುವಾಗಿ ಮಲಗಿದ್ದ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡದ್ದು ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಅರ್ಜಿಯಲ್ಲಿ ಅದಕ್ಕೆ ಒಂದಿಡೀ ಪುಟ ಬೇಕು.

ಈ ತೀರ್ಪು ನಮ್ಮ ಮಲೆನಾಡಿನವರಿಗೆ ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಸಂಬಳದವನಿಗೆ ಸಂಬಳದ ಚೀಟಿ ಇರುತ್ತದೆ. ತೋಟದವನಿಗೆ ಏನಿರುತ್ತದೆ? ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ತೆರಿಗೆಯ ಕಾಗದವೂ ಇಲ್ಲ. ಕೊಳೆರೋಗ ಬಂತು, ಎಲೆಚುಕ್ಕಿ ಬಂತು, ಈ ವರ್ಷ ಫಸಲೇ ಇಲ್ಲ ಎಂದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಈಗ ಹಾಗೆ ಮುಗಿಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಯ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದರಲ್ಲಿ ಕೃಷಿಕರಿಗೆಂದೇ ಪ್ರತ್ಯೇಕ ನಮೂನೆಯಿದೆ. ಒಟ್ಟು ಜಮೀನೆಷ್ಟು, ಅಥವಾ ಅದರಲ್ಲಿ ಪ್ರಮಾಣ ಮಾಡುವವರ ಪಾಲೆಷ್ಟು, ನೀರಾವರಿಯೋ ಖುಷ್ಕಿಯೋ, ಬೆಳೆ ಯಾವುದು, ಕಳೆದ ಮೂರು ವರ್ಷಗಳ ಆದಾಯವೆಷ್ಟು, ಜಮೀನಿನ ಮೇಲೆ ಸಾಲವಿದೆಯೇ ಎಂದು ಕೇಳುತ್ತದೆ. ದನ, ಎಮ್ಮೆ, ಕೋಳಿ, ಜೇನುಪೆಟ್ಟಿಗೆಯವರೆಗೂ ಲೆಕ್ಕ ಕೇಳುತ್ತದೆ. ಸುಳ್ಳು ಬರೆದರೆ ಅದು ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿ ಹೇಳಿದ ಸುಳ್ಳಾಗುತ್ತದೆ.

‘ತೋಟ ಅಪ್ಪನ ಹೆಸರಿನಲ್ಲಿದೆ’ ಎಂಬ ಮಾತಿಗೆ ಬರೋಣ. ಅದು ಮಾವನ ಸ್ವಯಾರ್ಜಿತವೇ ಆಗಿದ್ದರೆ ಅದನ್ನು ನಿಮ್ಮ ಗಂಡನ ಆಸ್ತಿ ಎನ್ನಲು ಬರುವುದಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಆದರೆ ಪಹಣಿಯಲ್ಲಿ ಒಬ್ಬರ ಹೆಸರಿದ್ದ ಮಾತ್ರಕ್ಕೆ ಜಮೀನು ಅವರೊಬ್ಬರದೇ ಆಗಿಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ತೋಟ ಗದ್ದೆಗಳು ಗೇಣಿಯಿಂದ, ಅಂದರೆ ಬೇರೆಯವರ ಜಮೀನನ್ನು ಬಾಡಿಗೆಗೆ ಉಳುತ್ತಿದ್ದುದರಿಂದ, ಬಂದವು. ಕಾಗೋಡಿನ ಗೇಣಿದಾರ ರೈತರು 1951ರಲ್ಲಿ ಜಮೀನುದಾರರೆದುರು ಎದ್ದುನಿಂತ ನೆಲ ಇದು. 1974ರ ಭೂಸುಧಾರಣೆಯ ಮೇಲೆ ಭೂ ನ್ಯಾಯಮಂಡಳಿಗಳು ಗೇಣಿದಾರರಿಗೆ ಹಕ್ಕು ಕೊಟ್ಟವು. ಹಕ್ಕುಪತ್ರದಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತಿತ್ತು. ಗೇಣಿ ಮಾಡಿದ್ದು ಕೂಡುಕುಟುಂಬವಾಗಿದ್ದರೆ ಆ ಹಕ್ಕು ಕುಟುಂಬಕ್ಕೇ ಸೇರುತ್ತದೆ. ಅಂಥದ್ದಾದರೆ ನಿಮ್ಮ ಗಂಡನಿಗೆ ಹುಟ್ಟಿನಿಂದಲೇ ಅದರಲ್ಲಿ ಪಾಲಿದೆ, ಆ ಪಾಲು ಜೀವನಾಂಶ ಕೊಡುವ ಅವರ ಶಕ್ತಿಯ ಲೆಕ್ಕಕ್ಕೆ ಬರುತ್ತದೆ. ಅಜ್ಜನದು ಎಂದ ಮಾತ್ರಕ್ಕೆ ಎಲ್ಲವೂ ಪಿತ್ರಾರ್ಜಿತವಲ್ಲ ಎಂಬುದೂ ನೆನಪಿರಲಿ. ಸರ್ವೆ ನಂಬರ್ ನಿಮಗೆ ಗೊತ್ತಿದ್ದರೆ ಪಹಣಿಯನ್ನೂ ಮ್ಯುಟೇಶನ್ನನ್ನೂ (ಹಕ್ಕು ಬದಲಾದ ದಾಖಲೆ) ತೆಗೆಸಿ, ಜಮೀನು ಹೇಗೆ ಬಂತೆಂದು ವಕೀಲರಿಗೆ ತೋರಿಸಿ. ಪಹಣಿ ಯಾರ ಸ್ವತ್ತಿನ ಗುಟ್ಟೂ ಅಲ್ಲ, ಯಾರು ಬೇಕಾದರೂ ನೋಡಬಹುದು.

ಅಷ್ಟೂ ಆಗದಿದ್ದರೂ ದಾರಿಯಿದೆ. ಆರೋಗ್ಯವಂತ ಗಂಡಸು ‘ನನಗೆ ಆದಾಯವಿಲ್ಲ’ ಎಂದು ಕೈಚೆಲ್ಲಿ ಪಾರಾಗುವಂತಿಲ್ಲ, ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2022ರಲ್ಲಿ ಮತ್ತೊಮ್ಮೆ ಹೇಳಿತು. ಇನ್ನು ಆದಾಯದ ಕುರುಹುಗಳು. ಮನೆಯಿಂದ ಯಾವ ಮಂಡಿಗೆ ಅಥವಾ ಯಾವ ಸಹಕಾರ ಸಂಘಕ್ಕೆ ಅಡಿಕೆ ಹೋಗುತ್ತಿತ್ತು, ಯಾರ ಖಾತೆಗೆ ಹಣ ಬೀಳುತ್ತಿತ್ತು, ಬೆಳೆಸಾಲ ಯಾರ ಹೆಸರಿನಲ್ಲಿತ್ತು, ಬೆಳೆವಿಮೆಯ ಕಂತು ಯಾರು ಕಟ್ಟುತ್ತಿದ್ದರು ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಕಾಗದಗಳು ನಿಮ್ಮ ಕೈಯಲ್ಲಿಲ್ಲದಿದ್ದರೂ ಎಲ್ಲಿವೆ ಎಂದು ಹೇಳಿದರೆ ನ್ಯಾಯಾಲಯ ಅವನ್ನು ತರಿಸಬಲ್ಲದು.

ಮತ್ತೆ ಆ ಹದಿನಾಲ್ಕು ಸುಗ್ಗಿ. ಒಂದು ನೋಟ್‌ಬುಕ್ ತೆಗೆದುಕೊಂಡು ವರ್ಷವಾರು ಬರೆಯಿರಿ. ಆ ವರ್ಷ ಅಡಿಕೆ ಕೊನೆ (ಗೊನೆ) ಎಷ್ಟಿತ್ತು, ಸುಲಿಯಲು ಹೊರಗಿನ ಆಳು ಎಷ್ಟು ಜನ ಬಂದರು, ಅವರಿಗೆ ಸುಲಿದ ಅಡಿಕೆ ಅಳೆಯುವ ಡಬ್ಬಕ್ಕೆ ಎಷ್ಟು ಕೂಲಿ ಕೊಟ್ಟಿರಿ, ನೀವೆಷ್ಟು ಡಬ್ಬ ಸುಲಿದಿರಿ, ಬೇಯಿಸಿ ಒಣಗಿಸಿದ ಮೇಲೆ ರಾಶಿ ಎಷ್ಟು ಕ್ವಿಂಟಲ್ ಆಯಿತು, ಬೆಟ್ಟೆ ಎಷ್ಟು, ಗೊರಬಲು ಎಷ್ಟು (ಮೂರೂ ಅಡಿಕೆಯ ಬಗೆಗಳು). ಶಿವಮೊಗ್ಗ ಮಾರುಕಟ್ಟೆಯ ಧಾರಣೆ ಬಗೆಬಗೆಗೂ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕ್ವಿಂಟಲ್ ಗೊತ್ತಾದರೆ ಹಣ ಗೊತ್ತಾಗುತ್ತದೆ. ನಿಮ್ಮ ಸುಲಿತಕ್ಕೆ ನ್ಯಾಯಾಲಯ ಕೂಲಿ ಲೆಕ್ಕ ಹಾಕಿ ಕೊಡುವುದಿಲ್ಲ, ಆ ಭರವಸೆಯನ್ನು ನಾನು ಕೊಡಲಾರೆ. ಆದರೆ ಆ ಮನೆಯ ಆದಾಯ ಎಷ್ಟು, ಅದರಲ್ಲಿ ನಿಮ್ಮ ದುಡಿಮೆ ಎಷ್ಟು ಎಂಬ ಎರಡಕ್ಕೂ ಆ ನೋಟ್‌ಬುಕ್ ಉತ್ತರ ಹೇಳುತ್ತದೆ. ಬಿಲ್ಲಿನಲ್ಲಿ ಹೆಸರಿಲ್ಲದವರಿಗೆ ನೆನಪೇ ದಾಖಲೆ. ಅದನ್ನು ಕಾಗದಕ್ಕೆ ಇಳಿಸಬೇಕು.

ಬಿ.ಎಡ್. ಬಗ್ಗೆ ಹೆದರಬೇಡಿ. ದುಡಿಯುವ ಅರ್ಹತೆ ಇರುವುದು ಬೇರೆ, ನಿಜಕ್ಕೂ ದುಡಿಯುತ್ತಿರುವುದು ಬೇರೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿದೆ. ಹದಿನಾಲ್ಕು ವರ್ಷ ತರಗತಿಯ ಮೆಟ್ಟಿಲು ಹತ್ತದವರಿಗೆ ನಾಳೆಯೇ ಕೆಲಸ ಕೊಡುವ ಶಾಲೆ ಎಲ್ಲಿದೆ? ಹೊಲಿಗೆಯ ಸಂಪಾದನೆಯನ್ನು ಮಾತ್ರ ಒಂದು ರೂಪಾಯಿಯೂ ಮುಚ್ಚಿಡಬೇಡಿ. ಅದು ಲೆಕ್ಕಕ್ಕೆ ಬರುತ್ತದೆ, ಆದರೆ ನಿಮ್ಮ ಹಕ್ಕನ್ನು ಕಸಿಯುವುದಿಲ್ಲ. ಮನೆ ಬಿಟ್ಟು ಬಂದದ್ದು ತಪ್ಪಾಯಿತೇ ಎಂದೂ ಕೇಳಿದ್ದೀರಿ. ಸಕಾರಣವಿಲ್ಲದೆ ದೂರವಿದ್ದರೆ 144ನೇ ಕಲಮಿನಡಿ ಅಡ್ಡಿಯಾಗುತ್ತದೆ ಎಂಬುದು ನಿಜ. ನೀವು ಬರೆದಿರುವ ಕಾರಣಗಳು ಗಟ್ಟಿಯಾಗಿವೆ. ಗಂಡನ ಮನೆಗೆ ಮರಳಬೇಕೆಂಬ ನ್ಯಾಯಾಲಯದ ಡಿಕ್ರಿ ಇದ್ದಾಗಲೂ, ಮರಳದಿರಲು ಸರಿಯಾದ ಕಾರಣವಿದ್ದರೆ ಹೆಂಡತಿಗೆ ಜೀವನಾಂಶ ತಪ್ಪುವುದಿಲ್ಲ ಎಂದು 2025ರ ಜನವರಿಯಲ್ಲಿ ತೀರ್ಪಾಗಿದೆ.

ಆ ಮೂರು ಲಕ್ಷವನ್ನು ಒಮ್ಮೆ ಬಿಡಿಸಿ ನೋಡೋಣ. ಮಗಳಿಗೆ 18 ತುಂಬಲು ಏಳು ವರ್ಷ, ಅಂದರೆ 84 ತಿಂಗಳು. ತಿಂಗಳಿಗೆ 3,571 ರೂಪಾಯಿ, ಇಬ್ಬರಿಗೆ. ಅಷ್ಟರಲ್ಲಿ ನಿಮಗೆ 45 ಆಗುತ್ತದೆ, ಕೈ ಖಾಲಿ. ಒಮ್ಮೆಲೇ ಕೊಡುವ ಹಣ ಕೆಟ್ಟದೆಂದು ನಾನು ಹೇಳುತ್ತಿಲ್ಲ. ತಿಂಗಳ ಹಣಕ್ಕಾಗಿ ಬಾಕಿ ವಸೂಲಿ ಮಾಡುತ್ತ ಓಡಾಡುವ ಕಷ್ಟ ಅದರಲ್ಲಿಲ್ಲ. ಮಾಸಿಕ ಜೀವನಾಂಶಕ್ಕೆ ಬೇರೆ ಅನುಕೂಲವಿದೆ: ಬೆಲೆ ಏರಿದಾಗ, ಪರಿಸ್ಥಿತಿ ಬದಲಾದಾಗ ಹೆಚ್ಚಿಸಿ ಎಂದು ಮತ್ತೆ ಕೇಳಬಹುದು. ಆದರೆ ನೀವು ಮರುಮದುವೆಯಾದರೆ ಗಂಡ ಅದನ್ನು ರದ್ದು ಮಾಡಿಸಲೂಬಹುದು. 144ನೇ ಕಲಮಿನಡಿ ಬಾಕಿ ಉಳಿದರೆ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು, ಈ ಗಡುವು ಮರೆಯಬೇಡಿ. ಕೊಡದವನನ್ನು ಜೈಲಿಗೆ ಕಳಿಸಬಹುದು, ಜೈಲಿಗೆ ಹೋಗಿಬಂದ ಮಾತ್ರಕ್ಕೆ ಬಾಕಿ ತೀರಿತೆಂದೂ ಅಲ್ಲ. ಗಂಡನಿಗೆ ಸ್ಥಿರಾಸ್ತಿಯಿದ್ದರೆ ಜೀವನಾಂಶಕ್ಕೆ ಅದನ್ನೇ ಭದ್ರತೆಯಾಗಿ ಹಿಡಿಯುವ ಅಧಿಕಾರ 25ನೇ ಕಲಮಿನಲ್ಲಿದೆ.

ಅವರು ಕಳಿಸಿದ ಕಾಗದದಲ್ಲಿ ನನ್ನ ಮೈ ಉರಿದದ್ದು ಎರಡು ಕಡೆ. ‘ಮಗಳ ಪರವಾಗಿಯೂ ಮುಂದೆ ಏನನ್ನೂ ಕೇಳುವುದಿಲ್ಲ’ ಎಂದಿದೆ. ಮಗುವಿನ ಹಕ್ಕನ್ನು ಬಿಟ್ಟುಕೊಡಲು ತಾಯಿಗೂ ಅಧಿಕಾರವಿಲ್ಲ. ಅವಳ ಖರ್ಚು ಪ್ರತ್ಯೇಕವಾಗಿಯೇ ನಿಗದಿಯಾಗಬೇಕು. ಇನ್ನೊಂದು, ಮೂರು ಲಕ್ಷದಲ್ಲಿ ‘ಆಭರಣಗಳ ಬಾಬ್ತು ಸೇರಿದೆ’ ಎಂಬ ಸಾಲು. ತವರಿನವರು ನಿಮಗೆ ಹಾಕಿದ ಚಿನ್ನ ಸ್ತ್ರೀಧನ, ನಿಮ್ಮದೇ ಸ್ವತ್ತು. ನಿಮ್ಮ ಸ್ವತ್ತನ್ನು ನಿಮಗೆ ಮರಳಿಸುವುದನ್ನು ಜೀವನಾಂಶ ಎಂದು ಕರೆಯಲು ಬರುವುದಿಲ್ಲ.

ತಡಮಾಡಬೇಡಿ ಎಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. 2020ರ ಆ ತೀರ್ಪಿನ ಪ್ರಕಾರ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಅಣ್ಣನ ಮನೆಯಲ್ಲಿ ಕಳೆದ ಒಂದೂವರೆ ವರ್ಷ ಆ ಲೆಕ್ಕದಿಂದ ಈಗಾಗಲೇ ಹೊರಗುಳಿದಿದೆ. ತೀರ್ಥಹಳ್ಳಿಗೆ ಅಲೆಯಬೇಕಾಗಿಲ್ಲ, ನೀವು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. ವಕೀಲರ ಶುಲ್ಕಕ್ಕಾಗಿ ಅಣ್ಣನ ಮುಖ ನೋಡಬೇಕಾಗಿಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗಬೇಕು. ಸಾಗರದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ಹೋಗುವಾಗ ಮದುವೆಯ ಫೋಟೊ, ಮಗಳ ಶಾಲೆಯ ಶುಲ್ಕದ ರಸೀದಿಗಳು, ಅತ್ತೆಯ ಆಸ್ಪತ್ರೆಯ ಚೀಟಿಗಳಲ್ಲಿ ಸಿಕ್ಕಷ್ಟು, ಸರ್ವೆ ನಂಬರ್ ಬರೆದ ಚೀಟಿ, ಮತ್ತು ಆ ನೋಟ್‌ಬುಕ್ ಜೊತೆಗಿರಲಿ. ಅವರು ಕಳಿಸಿದ ಕಾಗದವನ್ನೂ ಒಯ್ಯಿರಿ, ಸಹಿ ಹಾಕದೆ.